ನರಹುಲಿಗೆ ಸುಣ್ಣ ಹಚ್ಚೋದು ಬಿಡಿ

ಪ್ರಶ್ನೆ: ಮಗನ ಬೆರಳ ಮೇಲೆ ಮೂರು ನರಹುಲಿ ಎದ್ದಿವೆ. ಔಷಧಿ ಇಲ್ಲದೆ ಹೋಗ್ತಾವಾ? (ಓದುಗರೊಬ್ಬರು, ಹೊಳಲ್ಕೆರೆ)

ಹೋಗುತ್ತವೆ. ಎಷ್ಟು ಸಲ ಕೇಳಿದರೂ ನನ್ನ ಉತ್ತರ ಇದೇ. ಸುಮಾರು ಅರ್ಧದಷ್ಟು ಮಕ್ಕಳಿಗೆ ಒಂದು ವರ್ಷದೊಳಗೆ, ಮೂರರಲ್ಲಿ ಎರಡು ಪಾಲು ಮಕ್ಕಳಿಗೆ 2 ವರ್ಷದೊಳಗೆ ತಾವಾಗೇ ಮಾಯವಾಗುತ್ತವೆ. ದೊಡ್ಡವರಲ್ಲಿ ನಿಧಾನ, ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತವೆ. ಇದು ಎಚ್‌ಪಿವಿ ಅನ್ನೋ ವೈರಸ್ಸಿನ ಕೆಲಸ. ದೇಹ ಅದನ್ನು ಗುರುತು ಹಿಡಿಯೋವರೆಗೆ ಕಾಯಬೇಕು, ಅಷ್ಟೇ.

ಆದರೆ ಯಾರೂ ಕಾಯೋದಿಲ್ಲ. ಅಜ್ಜಿಯ ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದು, ಬಟ್ಟೆ ಸೋಡಾ ಕಲಸಿ ಹಚ್ಚುತ್ತಾರೆ. 'ಬೇರು ಸಮೇತ ಬರುತ್ತೆ' ಅನ್ನೋ ನಂಬಿಕೆ. ಸ್ವಾಮಿ, ನರಹುಲಿಗೆ ಬೇರೇ ಇಲ್ಲ! ಅದು ಇರೋದು ಚರ್ಮದ ಮೇಲ್ಪದರದಲ್ಲಿ. ಒಳಗೆ ಕಾಣುವ ಕಪ್ಪು ಚುಕ್ಕೆಗಳು ಸಣ್ಣ ರಕ್ತನಾಳಗಳಲ್ಲಿ ಹೆಪ್ಪುಗಟ್ಟಿದ ರಕ್ತ. ಇನ್ನು ಸುಣ್ಣ, ಸೋಡಾ ನೀರಲ್ಲಿ ಕೂಡಿದರೆ ಹುಟ್ಟೋದು ಕಾಸ್ಟಿಕ್ ಸೋಡಾ. ಕಟ್ಟಿಕೊಂಡ ಪೈಪಿಗೆ ಸುರಿಯುವ ಪುಡಿಯಲ್ಲಿ ಇರೋದೂ ಅದೇ. ಒಳ್ಳೆ ಚರ್ಮ ಯಾವುದು, ನರಹುಲಿ ಯಾವುದು ಅಂತ ಅದು ನೋಡೋದಿಲ್ಲ, ಎರಡನ್ನೂ ಸುಡುತ್ತದೆ. ಹುಣ್ಣಾಗಿ ಕೀವು ತುಂಬುತ್ತದೆ, ಕಲೆ ಉಳಿಯುತ್ತದೆ. ಗಾಯವಾದ ಜಾಗದಲ್ಲಿ ವೈರಸ್ ಸುಲಭವಾಗಿ ಒಳಗೆ ಸೇರಿ ಹೊಸ ನರಹುಲಿಯೂ ಏಳಬಹುದು.

'ನಮ್ಮ ಚಿಕ್ಕಪ್ಪನಿಗೆ ಸುಣ್ಣದಿಂದಲೇ ಹೋಯ್ತಲ್ಲ' ಅಂತೀರಿ. ಕುದುರೆ ಬಾಲದ ಕೂದಲು ಕಟ್ಟಿದವರಿಗೂ ಹೋಗಿದೆ, ದೇವರಿಗೆ ಉಪ್ಪು ಮೆಣಸು ಹರಕೆ ಹೊತ್ತವರಿಗೂ ಹೋಗಿದೆ, ಸುಮ್ನೆ ಇದ್ದವರಿಗೂ ಹೋಗಿದೆ. ಹರಕೆಗೆ ನನ್ನ ತಕರಾರಿಲ್ಲ. ಅದರಿಂದ ಕೈಯಾದರೂ ಸುಡೋದಿಲ್ಲ.

ಬೇಗ ಹೋಗಲೇಬೇಕಾ? ಸ್ಯಾಲಿಸಿಲಿಕ್ ಆಸಿಡ್ ಇದೆ, ದಪ್ಪಗಾದ ಚರ್ಮವನ್ನು ಮೆಲ್ಲಗೆ ಕರಗಿಸೋ ಔಷಧಿ. 'ಅದೂ ಆಸಿಡ್ಡೇ ಅಲ್ವಾ?' ಹೌದು, ಆದರೆ ಅಳತೆ ಇರುವ ಆಸಿಡ್. ನರಹುಲಿ ಇರೋ ಜಾಗವನ್ನು ಬೆಚ್ಚಗಿನ ನೀರಲ್ಲಿ ನೆನೆಸಿ, ಸತ್ತ ಚರ್ಮ ಉಜ್ಜಿ, ದಿನಾ ಹಚ್ಚಿದರೆ ಕೆಲವು ವಾರ ಹಿಡಿಯುತ್ತದೆ. ಮುಖಕ್ಕೆ, ಗುಪ್ತ ಜಾಗಕ್ಕೆ ಬೇಡ. ಚರ್ಮದ ಡಾಕ್ಟರು ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್‌ನಿಂದ ಹೆಪ್ಪುಗಟ್ಟಿಸಿಯೂ ತೆಗೆಯುತ್ತಾರೆ.

ನೀವು ಕೇಳಿಲ್ಲ, ಆದರೂ ಅಂಗಾಲಿನ ಆಣಿ ಬಗ್ಗೆ ಒಂದು ಮಾತು. ಎಷ್ಟೋ ಜನ ನರಹುಲಿಯನ್ನೇ ಆಣಿ ಅಂದುಕೊಂಡಿರುತ್ತಾರೆ. ನೇರ ಒತ್ತಿದಾಗ ಜಾಸ್ತಿ ನೋವಾದರೆ ಸಾಮಾನ್ಯವಾಗಿ ಆಣಿ. ಎರಡೂ ಪಕ್ಕದಿಂದ ಚಿವುಟಿದಾಗ ಜಾಸ್ತಿ ನೋವಾಗಿ, ಚರ್ಮದ ಗೆರೆಗಳು ಅಲ್ಲಿ ತುಂಡಾಗಿದ್ದರೆ ನರಹುಲಿ. ಆಣಿ ಹೋಗಬೇಕಾದರೆ ಒತ್ತುವ ಚಪ್ಪಲಿ ಬದಲಾಗಬೇಕು. ಶುಗರ್ ಇರುವವರು ಮಾತ್ರ ಆಣಿಯಾಗಲಿ, ನರಹುಲಿಯಾಗಲಿ, ಆಸಿಡ್ಡೂ ಹಚ್ಚಬೇಡಿ, ಬ್ಲೇಡೂ ಹಿಡಿಯಬೇಡಿ. ಚಿತ್ರದುರ್ಗದ ಜಿಲ್ಲಾಸ್ಪತ್ರೆಯಲ್ಲೋ ದಾವಣಗೆರೆಯ ಚಿಗಟೇರಿ ಆಸ್ಪತ್ರೆಯಲ್ಲೋ ಕಾಲು ತೋರಿಸಿ.