ಡಯಟ್ ಮುರಿದ ಮೇಲೆ ಬರುವ ಆ ಒಂದು ಮಾತು

ಬಾಗಲಕೋಟೆ ನವನಗರದ ನಮ್ಮ ಓದಿನ ಗುಂಪಿಗೆ ಬರೆದ ಟಿಪ್ಪಣಿ ಇದು. ಬೇಜಾರಾದಾಗ ತಿನ್ನುವುದು, ಮತ್ತೆ ಮತ್ತೆ ಡಯಟ್ ಹಿಡಿದು ಬಿಡುವುದು, ಇದರಲ್ಲಿ ಮನಸ್ಸಿನೊಳಗೆ ನಾವು ಆಡಿಕೊಳ್ಳುವ ಮಾತಿನ ಪಾತ್ರ ಏನು ಅನ್ನೋದು ವಿಷಯ.

ಮೊದಲು ಬಗೆಗಳು. 1986ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ತಿನ್ನುವ ರೀತಿ ಅಳೆಯಲು ಒಂದು ಪ್ರಶ್ನಾವಳಿ ಮಾಡಿದರು. ಅದರಲ್ಲಿ ಮೂರು ಬಗೆ ಇವೆ. ಭಾವನೆಗೆ ತಿನ್ನುವುದು, ಕಣ್ಣಿಗೆ ಕಂಡಿದ್ದಕ್ಕೆ ತಿನ್ನುವುದು, ತೂಕದ ಚಿಂತೆಗೆ ತಮ್ಮನ್ನು ತಡೆದುಕೊಂಡು ತಿನ್ನುವುದು. ರಿಸಲ್ಟ್ ಕೆಟ್ಟಿತು ಅಂತ ಮಿರ್ಚಿ ಕಟ್ಟಿಸಿಕೊಂಡು ಬಂದರೆ ಮೊದಲನೆಯದು. ಬಂಡಿ ಮುಂದೆ ಹಾದಾಗ ವಾಸನೆಗೆ ನಿಂತರೆ ಎರಡನೆಯದು. ಮೂರನೆಯದರ ಮೇಲೆ ಹೆಚ್ಚು ಗಮನ ಕೊಡಿ. ಡಯಟ್ ಮಾಡುವವರೆಲ್ಲ ಅಲ್ಲಿದ್ದಾರೆ.

1975ರಲ್ಲಿ ಮನಃಶಾಸ್ತ್ರದ ಸಂಶೋಧಕರಾದ ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ಒಂದು ಪ್ರಯೋಗ ಮಾಡಿದರು. ಕೆಲವು ವಿದ್ಯಾರ್ಥಿನಿಯರಿಗೆ ಮೊದಲು ಮಿಲ್ಕ್‌ಶೇಕ್ ಕೊಟ್ಟರು, ಕೆಲವರಿಗೆ ಕೊಡಲಿಲ್ಲ. ಆಮೇಲೆ ರುಚಿ ನೋಡುವ ನೆಪದಲ್ಲಿ ಎಲ್ಲರ ಮುಂದೆ ಐಸ್‌ಕ್ರೀಮ್ ಇಟ್ಟರು. ಡಯಟ್ ಗೊಡವೆ ಇಲ್ಲದವರು ಮಿಲ್ಕ್‌ಶೇಕ್ ಕುಡಿದಿದ್ದರೆ ಐಸ್‌ಕ್ರೀಮ್ ಕಡಿಮೆ ತಿಂದರು. ಡಯಟ್ ಮಾಡುವವರದ್ದು ಉಲ್ಟಾ ಆಯಿತು. ಮಿಲ್ಕ್‌ಶೇಕ್ ಕುಡಿದವರೇ ಜಾಸ್ತಿ ತಿಂದರು! ಹೊಟ್ಟೆಯೇ ಲೆಕ್ಕ ಇಟ್ಟಿದ್ದರೆ ಹೀಗಾಗುತ್ತಿರಲಿಲ್ಲ, ಅಲ್ವಾ? ಮುಂದಿನ ಪ್ರಯೋಗಗಳಲ್ಲಿ ಇನ್ನೊಂದು ಗೊತ್ತಾಯಿತು. ತಿನಿಸು ಅದೇ ಇದ್ದರೂ, 'ಇದರಲ್ಲಿ ಕ್ಯಾಲೊರಿ ಜಾಸ್ತಿ' ಅಂತ ಹೇಳಿದರೆ ಸಾಕು, ಡಯಟ್ ಮಾಡುವವರ ತಡೆ ಬಿಟ್ಟುಹೋಗುತ್ತಿತ್ತು.

ಆ ಹೊತ್ತಿಗೆ ತಲೆಯಲ್ಲಿ ಓಡುವ ಮಾತು ನಮ್ಮ ಕಡೆ ಹೀಗಿರುತ್ತದೆ: 'ಹೋತು, ಇವತ್ತಿನ ಡಯಟ್ ಹಾಳಾತು. ಹೆಂಗೂ ಹಾಳಾಗೇತಿ, ತಿಂದ್ ಬಿಡೂಣು. ಸೋಮವಾರದಿಂದ ಗಟ್ಟಿಯಾಗಿ ಶುರು ಮಾಡೂಣು.' ಅಮೀನಗಡದ ಕರದಂಟು ಒಂದು ತುಂಡು ತಿಂದದ್ದಕ್ಕೆ ಇಷ್ಟೆಲ್ಲ.

ಇದನ್ನು ಬಿಡಿಸಿ ನೋಡಿ. 'ಹಾಳಾತು' ಅನ್ನೋದು ತೀರ್ಪು. 'ಹೆಂಗೂ' ಅನ್ನೋದು ಪರವಾನಗಿ. ನನಗೆ ಎಲ್ಲಕ್ಕಿಂತ ಅಪಾಯಕಾರಿ ಅನ್ನಿಸೋದು ಆ 'ಸೋಮವಾರ'. ಕೇಳಲು ಒಳ್ಳೆಯ ನಿರ್ಧಾರದಂತಿದೆ. ಆದರೆ ನಾಳೆಯಿಂದ ಏನೂ ಸಿಗುವುದಿಲ್ಲ ಅಂತ ಇವತ್ತೇ ಹೆದರಿಸುತ್ತದೆ. ಹೆದರಿದವರು ಡಬ್ಬಿ ಖಾಲಿ ಮಾಡುತ್ತಾರೆ. ಶ್ರಾವಣದ ಒಪ್ಪತ್ತಿನಲ್ಲಿ ಈ ತೀರ್ಪು ಇರುವುದಿಲ್ಲ. ಹೊತ್ತಾದ ಮೇಲೆ ಉಣ್ಣುತ್ತಾರೆ, ಮುಗಿಯಿತು. (ಒಪ್ಪತ್ತಿನ ಹೆಸರಲ್ಲಿ ತೂಕ ಇಳಿಸುವ ಲೆಕ್ಕ ಹಾಕಿದರೆ ಮಾತ್ರ ಅದೂ ಡಯಟ್ ಆಗಿಬಿಡುತ್ತದೆ.)

ಹಾಗಾದರೆ ಬದಲಿಗೆ ಏನು ಹೇಳಿಕೊಳ್ಳಬೇಕು? ಇಲ್ಲೇ ಬಹಳ ಜನ ದಾರಿ ತಪ್ಪುತ್ತಾರೆ. 'ನಾನು ಸುಂದರಿ, ನನ್ನ ದೇಹವನ್ನು ನಾನು ಪ್ರೀತಿಸುತ್ತೇನೆ' ಅಂತ ಕನ್ನಡಿ ಮುಂದೆ ನಿಂತು ಹೇಳು ಅನ್ನುವ ಸಲಹೆ ಎಲ್ಲೆಲ್ಲೂ ಸಿಗುತ್ತದೆ. 2009ರಲ್ಲಿ ಕೆನಡಾದ ಜೊಯಾನ್ ವುಡ್ ಮತ್ತು ಜೊತೆಗಾರರು 'ನಾನು ಪ್ರೀತಿಗೆ ತಕ್ಕವಳು' ಅನ್ನುವಂಥ ಮಾತನ್ನು ಜನರಿಂದ ಹೇಳಿಸಿ ನೋಡಿದರು. ತಮ್ಮ ಬಗ್ಗೆ ಮೊದಲೇ ಕೀಳರಿಮೆ ಇದ್ದವರಿಗೆ ಇನ್ನಷ್ಟು ಬೇಜಾರಾಯಿತು. ನಂಬಲಾಗದ ಮಾತು ಹೇಳಿದರೆ ಮನಸ್ಸು ಒಳಗಿನಿಂದಲೇ ವಾದ ಶುರು ಮಾಡುತ್ತದೆ.

ಕೆಲಸ ಮಾಡುವ ಮಾತು ಸಪ್ಪೆಯಾಗಿಯೇ ಇರುತ್ತದೆ. ಆದದ್ದು ಇಷ್ಟು, ಮುಂದಿನ ಊಟ ಇಂಥದ್ದು, ಅಷ್ಟೇ. 'ಒಂದು ತುಂಡು ಕರದಂಟು ತಿಂದೆ. ರಾತ್ರಿ ರೊಟ್ಟಿ, ಪುಂಡಿಪಲ್ಯ ಯಾವಾಗ್ಲೂ ಉಣ್ಣೂಹಂಗ ಉಣ್ತೀನಿ.' ಇದರಲ್ಲಿ ಹೊಗಳಿಕೆಯೂ ಇಲ್ಲ, ಶಿಕ್ಷೆಯೂ ಇಲ್ಲ. ರಾತ್ರಿ ಊಟ ಬಿಡುತ್ತೇನೆ ಅಂದರೆ ಮತ್ತೆ ಸೋಮವಾರ ಬಂತು ಅಂತಲೇ ಲೆಕ್ಕ.

ಮೆತ್ತಗೆ ಮಾತಾಡಿದರೆ ಸಡಿಲ ಬಿಟ್ಟಂತಾಗುತ್ತದೆ, ಇನ್ನೂ ತಿನ್ನುತ್ತೀವಿ ಅನ್ನುವ ಭಯ ಸಹಜ. ಕ್ಲೇರ್ ಆಡಮ್ಸ್ ಮತ್ತು ಮಾರ್ಕ್ ಲಿಯರಿ 2007ರಲ್ಲಿ ಇದನ್ನೇ ಪರೀಕ್ಷಿಸಿದರು. ಹೆಣ್ಣುಮಕ್ಕಳಿಗೆ ಡೋನಟ್ ತಿನ್ನಿಸಿದರು. ಕೆಲವರಿಗೆ ಮಾತ್ರ, 'ಇಂಥದ್ದು ಎಲ್ಲರೂ ಒಮ್ಮೊಮ್ಮೆ ತಿನ್ನುತ್ತಾರೆ, ನಿಮ್ಮನ್ನು ನೀವು ಬೈದುಕೊಳ್ಳಬೇಡಿ' ಅನ್ನುವ ಅರ್ಥದ ಮಾತು ಹೇಳಿದರು. ಆಮೇಲೆ ಮಿಠಾಯಿ ಇಟ್ಟಾಗ, ಡಯಟ್ ಮನಸ್ಸಿನವರ ಪೈಕಿ ಆ ಮಾತು ಕೇಳಿಸಿಕೊಂಡವರು ಕಡಿಮೆ ತಿಂದರು.

ಇನ್ನೊಂದು ಉಪಾಯ ಮನಃಶಾಸ್ತ್ರಜ್ಞ ಈಥನ್ ಕ್ರಾಸ್ ಅವರ 2014ರ ಕೆಲಸದಿಂದ. ಆತಂಕದ ಹೊತ್ತಲ್ಲಿ 'ನಾನು' ಅನ್ನುವ ಬದಲು ತಮ್ಮ ಹೆಸರು ಹಿಡಿದು ಮಾತಾಡಿಕೊಂಡವರಿಗೆ ಒತ್ತಡ ಕಡಿಮೆ ಇತ್ತು. ನಮ್ಮಲ್ಲಿ ಅಕ್ಕ ಕೇಳುವ ಹಾಗೆ ಕೇಳಿಕೊಳ್ಳಬಹುದು: 'ತಂಗಿ, ಹೊಟ್ಟಿ ಹಸದೈತೇನು, ಏನರ ಬ್ಯಾಸರಾಗೇತೇನು?' ಪುಸ್ತಕದ ಭಾಷೆ ಬೇಡ, ಅದು ಒಳಗೆ ಇಳಿಯುವುದಿಲ್ಲ. ಬೇಸರವೇ ಆಗಿದ್ದರೆ ಯಾರ ಮೇಲೆ, ಯಾಕೆ ಅಂತ ಒಂದು ಸಾಲು ಬರೆಯಿರಿ. ಬರೆದ ಮೇಲೂ ತಿನ್ನಬೇಕೆನಿಸಿದರೆ ತಟ್ಟೆಗೆ ಹಾಕಿಕೊಂಡು, ಕೂತು ತಿನ್ನಿ. ಕದ್ದು ತಿನ್ನಬೇಡಿ.

ಹಸಿದೇ ಇದ್ದರೆ ಈ ಮಾತುಗಳೆಲ್ಲ ದಂಡ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಸಂಶೋಧಕ ಆನ್ಸೆಲ್ ಕೀಸ್ 36 ಆರೋಗ್ಯವಂತ ಗಂಡಸರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಅವರೆಲ್ಲ ತಾವಾಗಿ ಒಪ್ಪಿ ಬಂದವರು. ಕ್ರಮೇಣ ಅವರಿಗೆ ಊಟದ್ದೇ ಧ್ಯಾನವಾಯಿತು. ಕೆಲವರು ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರು. ಪ್ರಯೋಗ ಮುಗಿದ ಮೇಲೂ ಕೆಲವರಿಗೆ ತಿಂದಷ್ಟೂ ಸಾಲುತ್ತಿರಲಿಲ್ಲ. ಅವರ ಮನೋಬಲಕ್ಕೆ ಏನೂ ಕೊರತೆ ಇರಲಿಲ್ಲ, ನೆನಪಿಡಿ. ತಿನ್ನುವುದಕ್ಕೆ ಸಂಬಂಧಿಸಿದ ಕಾಯಿಲೆಗಳಿಗೆ ಮನೋವೈದ್ಯ ಕ್ರಿಸ್ಟೋಫರ್ ಫೇರ್‌ಬರ್ನ್ ರೂಪಿಸಿದ ಚಿಕಿತ್ಸೆಯಲ್ಲೂ ಒಳಗಿನ ಮಾತು ತಿದ್ದುವ ಮೊದಲು ಊಟದ ಹೊತ್ತು ಸರಿ ಮಾಡಿಸುತ್ತಾರೆ. ಹಗಲಿನಲ್ಲಿ ಮೂರು ನಾಲ್ಕು ತಾಸಿಗಿಂತ ಹೆಚ್ಚು ಹೊಟ್ಟೆ ಖಾಲಿ ಬಿಡುವುದಿಲ್ಲ. ಬೆಳಿಗ್ಗೆ ಬರೀ ಚಹಾ ಕುಡಿದು, ಮಧ್ಯಾಹ್ನ ಅರ್ಧ ರೊಟ್ಟಿ ತಿಂದು, ಸಂಜೆ ಚುರುಮುರಿ ಮುಂದೆ ಸೋತೆ ಅಂದರೆ ಅದು ಹಸಿವು. ಅದಕ್ಕೆ ಭಾವನೆಯ ಹೆಸರು ಕೊಡಬೇಡಿ.

ಮದುವೆ ಮನೆಯ 'ಎಷ್ಟ್ ದಪ್ಪ ಆಗೀಯಲ್ಲ' ಅನ್ನುವ ಮಾತು ಮೇಲಿನ ಪ್ರಯೋಗಗಳಲ್ಲಿಲ್ಲ, ಆದರೆ ಒಳಗಿನ ಮಾತಿನ ಅರ್ಧ ಅಲ್ಲಿಂದಲೇ ಬಂದಿರುತ್ತದೆ. ಉತ್ತರ ಕೊಡಲೇಬೇಕೆಂದಿಲ್ಲ. ಸುಮ್ನೆ 'ಊಟ ಆತೇನ್ರಿ ಕಾಕೂ' ಅಂದು ಮುಂದೆ ಹೋಗಿ.

ಕೊನೆಗೆ ಮಿತಿ. ತಡೆಯಲಾಗದೆ ಅತಿಯಾಗಿ ತಿನ್ನುವುದು ವಾರಕ್ಕೊಮ್ಮೆಯಾದರೂ ನಡೆದು ಮೂರು ತಿಂಗಳು ಮುಂದುವರಿದರೆ, ಅದನ್ನು ಕಾಯಿಲೆಯಾಗಿ ಗುರುತಿಸಲು 2013ರಿಂದ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಮಾನದಂಡಗಳಿವೆ. ತಿಂದದ್ದನ್ನು ವಾಂತಿ ಮಾಡಿಕೊಳ್ಳುತ್ತಿದ್ದರೆ ಅಷ್ಟು ದಿನವೂ ಕಾಯಬಾರದು, ವೈದ್ಯರನ್ನು ಕಾಣಬೇಕು. ಸಕ್ಕರೆ ಕಾಯಿಲೆ ಇರುವವರು ಊಟದ ಹೊತ್ತನ್ನು ತಮ್ಮ ವೈದ್ಯರನ್ನು ಕೇಳಿಯೇ ಬದಲಿಸಲಿ. ಯಾರ ಹತ್ತಿರ ಮಾತಾಡಬೇಕು ಗೊತ್ತಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.