ಲಂಬ ಮತ್ತು ಸಮತಲ ಮೀಸಲಾತಿ: ಕಾಲೇಜು ಸೀಟಿನ ಲೆಕ್ಕ ತಪ್ಪುವುದು ಎಲ್ಲಿ?

ಕರ್ನಾಟಕದಲ್ಲಿ ವೃತ್ತಿಶಿಕ್ಷಣದ ಸೀಟುಗಳಿಗೆ ಒಟ್ಟು ಮೀಸಲಾತಿ ಎಷ್ಟು ಎಂದು ಕೇಳಿದರೆ ಹಲವರು ಕೂಡಿಸಲು ಶುರುಮಾಡುತ್ತಾರೆ. ಜಾತಿವಾರು ಶೇ 56, ಗ್ರಾಮೀಣ ಶೇ 15, ಕನ್ನಡ ಮಾಧ್ಯಮ ಶೇ 5, ಒಟ್ಟು ಶೇ 76. ಈ ಕೂಡಿಕೆಯೇ ತಪ್ಪು. ಮೊದಲನೆಯದು ಲಂಬ, ಉಳಿದೆರಡು ಸಮತಲ. ಸಮತಲ ಮೀಸಲಾತಿ ಲಂಬದ ಪಕ್ಕದಲ್ಲಿ ಕೂರುವುದಿಲ್ಲ, ಅದರ ಒಳಗೇ ಹಾದುಹೋಗುತ್ತದೆ. ಇದೊಂದು ತಿಳಿದರೆ ಮೀಸಲಾತಿಯ ಅರ್ಧಕ್ಕರ್ಧ ಪ್ರಶ್ನೆಗಳು ಬಗೆಹರಿಯುತ್ತವೆ.

ಲಂಬ ಯಾವುದು, ಸಮತಲ ಯಾವುದು

ಸಾಮಾಜಿಕ ಗುಂಪಿನ ಆಧಾರದ ಮೇಲೆ ಕೊಡುವುದು ಲಂಬ ಮೀಸಲಾತಿ. ಶಿಕ್ಷಣದಲ್ಲಿ ಇದರ ಬೇರು ಸಂವಿಧಾನದ 15(4)ನೇ ವಿಧಿ; 1951ರ ಮೊದಲ ತಿದ್ದುಪಡಿಯಲ್ಲಿ ಬಂದದ್ದು. 2022ರ ಕಾಯ್ದೆಯ ನಂತರ ರಾಜ್ಯದ ಹಂಚಿಕೆ ಹೀಗಿದೆ: ಪರಿಶಿಷ್ಟ ಜಾತಿ 17, ಪರಿಶಿಷ್ಟ ಪಂಗಡ 7, ಹಿಂದುಳಿದ ವರ್ಗಗಳ ಪೈಕಿ ಪ್ರವರ್ಗ 1ಕ್ಕೆ 4, 2ಎ 15, 2ಬಿ 4, 3ಎ 4, 3ಬಿ 5. ಕೂಡಿದರೆ 56. ಅದಕ್ಕೂ ಮೊದಲು ಪರಿಶಿಷ್ಟ ಜಾತಿಗೆ 15, ಪಂಗಡಕ್ಕೆ 3 ಇದ್ದಾಗ ಮೊತ್ತ ಸರಿಯಾಗಿ 50 ಆಗುತ್ತಿತ್ತು. ಹಳೆಯ ಪುಸ್ತಕದಲ್ಲಿ ಓದುವವರು ಈ ವ್ಯತ್ಯಾಸ ಗುರುತು ಹಾಕಿಕೊಳ್ಳಿ.

ಎಲ್ಲ ಗುಂಪುಗಳಲ್ಲೂ ಇರಬಹುದಾದ ಇನ್ನೊಂದು ಲಕ್ಷಣಕ್ಕೆ ಕೊಡುವುದು ಸಮತಲ. ಗ್ರಾಮೀಣ ಶಾಲೆಯಲ್ಲಿ ಓದಿದವರು, ಕನ್ನಡ ಮಾಧ್ಯಮದವರು, ಅಂಗವಿಕಲರು ಇದರಲ್ಲಿ ಬರುತ್ತಾರೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಅಂಗವಿಕಲರಿಗೆ ಕನಿಷ್ಠ ಶೇ 5 ಸೀಟು ಕೊಡಬೇಕೆಂದು 2016ರ ಕಾಯ್ದೆಯ 32ನೇ ಕಲಮು ಹೇಳುತ್ತದೆ.

ಸಿಇಟಿ ಕಟ್‌ಆಫ್ ಪಟ್ಟಿಯನ್ನು ಒಮ್ಮೆ ಎದುರಿಗಿಟ್ಟುಕೊಂಡು ನೋಡಿ. ಜಿಎಂ, ಜಿಎಂಕೆ, ಜಿಎಂಆರ್, 2ಎಜಿ, 2ಎಕೆ, 2ಎಆರ್, ಎಸ್‌ಸಿಜಿ, ಎಸ್‌ಸಿಕೆ, ಎಸ್‌ಸಿಆರ್ ಎಂಬ ಕಾಲಂಗಳಿರುತ್ತವೆ. ಮೊದಲ ಭಾಗ ಲಂಬ ವರ್ಗ; 'ಜಿಎಂ' ಎಂದರೆ ಜನರಲ್ ಮೆರಿಟ್, ಅಂದರೆ ಮುಕ್ತ ವರ್ಗ. ಕೊನೆಯ ಅಕ್ಷರ ಸಮತಲ: 'ಕೆ' ಎಂದರೆ ಕನ್ನಡ ಮಾಧ್ಯಮ, 'ಆರ್' ಎಂದರೆ ಗ್ರಾಮೀಣ. '2ಎಜಿ'ಯ 'ಜಿ' ಎಂದರೆ ಈ ಎರಡೂ ಕೋಟಾ ಇಲ್ಲದ, ಆ ವರ್ಗದ ಸಾಮಾನ್ಯ ಸೀಟು. 'ಗ್ರಾಮೀಣ' ಎಂಬ ಒಂಟಿ ಕಾಲಂ ಎಲ್ಲೂ ಇಲ್ಲ. ಪ್ರತಿ ವರ್ಗದ ಒಳಗೂ ಅದು ಒಂದೊಂದಿದೆ. ಇಡೀ ಸಿದ್ಧಾಂತ ಆ ಕಾಲಂಗಳಲ್ಲೇ ಕಾಣುತ್ತದೆ.

ತುಂಬುವ ಕ್ರಮ

ಉತ್ತರ ಪ್ರದೇಶದ ವೈದ್ಯಕೀಯ ಪ್ರವೇಶಕ್ಕೆ ಸಂಬಂಧಿಸಿದ ಅನಿಲ್ ಕುಮಾರ್ ಗುಪ್ತಾ ಪ್ರಕರಣದಲ್ಲಿ (1995) ಸುಪ್ರೀಂ ಕೋರ್ಟ್ ಈ ಕ್ರಮವನ್ನು ಹೇಳಿತು. ಅಲ್ಲಿ ವಿಶೇಷ (ಸಮತಲ) ಮೀಸಲಾತಿಯ ಸೀಟುಗಳನ್ನು ಬಹುಮಟ್ಟಿಗೆ ಮುಕ್ತ ವರ್ಗದಿಂದಲೇ ಕಡಿದುಕೊಡಲಾಗಿತ್ತು. ಸರಿಯಾದ ಕ್ರಮ ಹೀಗೆ: ಮೊದಲು ಮುಕ್ತ ಸೀಟುಗಳನ್ನು ಬರೀ ಮೆರಿಟ್ ಮೇಲೆ ತುಂಬಬೇಕು. ಆಮೇಲೆ ಪ್ರತಿ ಜಾತಿವರ್ಗದ ಸೀಟುಗಳನ್ನು ಆಯಾ ವರ್ಗದೊಳಗಿನ ಮೆರಿಟ್ ಮೇಲೆ ತುಂಬಬೇಕು. ಮೂರನೆಯದಾಗಿ, ಸಮತಲ ಕೋಟಾದವರು ಅದರಲ್ಲಿ ಎಷ್ಟು ಮಂದಿ ಬಂದಿದ್ದಾರೆ ಎಂದು ಎಣಿಸಬೇಕು. ಕಡಿಮೆ ಬಿದ್ದಿದ್ದರೆ ಮಾತ್ರ ಹೊಂದಾಣಿಕೆ.

ಲೆಕ್ಕ ಮಾಡಿ ನೋಡೋಣ. 2ಎಗೆ 20 ಸೀಟು ಇವೆ ಎಂದಿಟ್ಟುಕೊಳ್ಳಿ. ಗ್ರಾಮೀಣ ಶೇ 15 ಎಂದರೆ 3 ಸೀಟು. ಮುಕ್ತ ಸೀಟು ಪಡೆದ 2ಎ ವಿದ್ಯಾರ್ಥಿಗಳನ್ನು ಬಿಟ್ಟು, ಉಳಿದ 2ಎ ಪಟ್ಟಿಯ ಮೊದಲ 20 ಹೆಸರು ಬರೆಯಿರಿ. ಅವರಲ್ಲಿ ಗ್ರಾಮೀಣದವರು 3 ಅಥವಾ ಹೆಚ್ಚು ಇದ್ದರೆ ಕೆಲಸ ಮುಗಿಯಿತು, ಪಟ್ಟಿ ಮುಟ್ಟುವಂತಿಲ್ಲ. ಒಬ್ಬರೇ ಇದ್ದಾರೆ, 7ನೇ ಸ್ಥಾನದಲ್ಲಿ ಎಂದುಕೊಳ್ಳಿ. ಇನ್ನಿಬ್ಬರು ಬೇಕು. ಕೆಳಗೆ ಹುಡುಕಿದರೆ 23 ಮತ್ತು 31ನೇ ಸ್ಥಾನದಲ್ಲಿ ಗ್ರಾಮೀಣದವರು ಸಿಗುತ್ತಾರೆ. ಅವರನ್ನು ಸೇರಿಸಿ, ತಳದಿಂದ 20 ಮತ್ತು 19ನೇ ಸ್ಥಾನದವರನ್ನು ತೆಗೆಯಬೇಕು. ತೆಗೆಯುವಾಗ ಆ ಸ್ಥಾನದಲ್ಲಿ ಗ್ರಾಮೀಣ ವಿದ್ಯಾರ್ಥಿಯೇ ಇದ್ದರೆ ಅವರನ್ನು ಬಿಟ್ಟು ಮೇಲಿನವರಿಗೆ ಹೋಗಬೇಕು. ರಾಜೇಶ್ ಕುಮಾರ್ ದಾರಿಯಾ ತೀರ್ಪು (2007) ಮಹಿಳಾ ಮೀಸಲಾತಿಯ ಉದಾಹರಣೆಯಿಟ್ಟು ಹೇಳಿದ್ದು ಇದೇ ವಿಧಾನ.

ಇಲ್ಲಿರುವ ಸೂಕ್ಷ್ಮವನ್ನು ಬಹಳ ಜನ ತಪ್ಪಿಸಿಕೊಳ್ಳುತ್ತಾರೆ. ಮೆರಿಟ್ ಮೇಲೆ ಮುಕ್ತ ಸೀಟು ಪಡೆದ 2ಎ ವಿದ್ಯಾರ್ಥಿ 2ಎ ಕೋಟಾದ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಮೆರಿಟ್ ಮೇಲೆ 2ಎ ಪಟ್ಟಿಗೆ ಬಂದ ಗ್ರಾಮೀಣ ವಿದ್ಯಾರ್ಥಿ ಗ್ರಾಮೀಣ ಕೋಟಾದ ಲೆಕ್ಕಕ್ಕೆ ಬರುತ್ತಾರೆ. ಲಂಬ ಮತ್ತು ಸಮತಲದ ನಡುವೆ ಪರೀಕ್ಷೆಯಲ್ಲಿ ಕೇಳುವ ವ್ಯತ್ಯಾಸ ಒಂದೇ ಇದ್ದರೆ ಅದು ಇದು.

ಭಿನ್ನರಾಶಿ ಇನ್ನೊಂದು ತೊಡಕು. 60 ಸೀಟಿನ ಒಂದು ಬ್ರ್ಯಾಂಚಿನಲ್ಲಿ ಪರಿಶಿಷ್ಟ ಜಾತಿಗೆ 10.2, ಪಂಗಡಕ್ಕೆ 4.2, ಪ್ರವರ್ಗ 1ಕ್ಕೆ 2.4, 2ಎಗೆ 9. ಆ 9ರಲ್ಲಿ ಗ್ರಾಮೀಣ 1.35, ಕನ್ನಡ ಮಾಧ್ಯಮ 0.45. ಅರ್ಧ ಸೀಟು ಕೊಡಲಾಗದು. ಒಂದು ಬ್ರ್ಯಾಂಚಿನಲ್ಲಿ 2ಎಕೆ ಕಾಲಂ ಖಾಲಿ ಕಂಡರೆ ಮೋಸ ನಡೆದಿದೆ ಎಂದು ತಕ್ಷಣ ತೀರ್ಮಾನಿಸಬೇಡಿ. ಸೀಟು ಸಂಖ್ಯೆ ಚಿಕ್ಕದಾದಷ್ಟೂ ಸಮತಲ ಕೋಟಾ ಪೂರ್ಣಾಂಕ ಮುಟ್ಟುವುದು ಕಷ್ಟ.

ಜಿಎಂ ಯಾರದ್ದು?

ಯಾರದ್ದೂ ಅಲ್ಲ, ಎಲ್ಲರದ್ದೂ. ಜನರಲ್ ಮೆರಿಟ್ ಎಂಬುದು ಮೀಸಲಾತಿ ಇಲ್ಲದ ಜಾತಿಗಳಿಗೆ ಇಟ್ಟ ಕೋಟಾ ಎಂಬ ಗ್ರಹಿಕೆ ಎಷ್ಟು ಆಳಕ್ಕೆ ಇಳಿದಿದೆ ಎಂದರೆ, ಅಧಿಕಾರದಲ್ಲಿರುವವರೂ ಹಾಗೆಯೇ ನಡೆದುಕೊಂಡಿದ್ದಾರೆ. ಸೌರವ್ ಯಾದವ್ ಪ್ರಕರಣ (2020) ಉತ್ತರ ಪ್ರದೇಶದ ಪೊಲೀಸ್ ನೇಮಕಾತಿಯದು. ಸಾಮಾನ್ಯ ವರ್ಗದ ಮಹಿಳಾ ಕೋಟಾದಲ್ಲಿ ಕೊನೆಯದಾಗಿ ಆಯ್ಕೆಯಾದವರಿಗೆ 274.8298 ಅಂಕ. ಹಿಂದುಳಿದ ವರ್ಗದ ಒಬ್ಬ ಮಹಿಳೆಗೆ 276.5949 ಅಂಕ ಬಂದಿದ್ದರೂ ಕೆಲಸ ಸಿಗಲಿಲ್ಲ. ಅವರದು ಹಿಂದುಳಿದ ವರ್ಗ, ಆದ್ದರಿಂದ ಮುಕ್ತ ವರ್ಗದ ಮಹಿಳಾ ಸ್ಥಾನ ಅವರಿಗಿಲ್ಲ ಎಂಬುದು ವಾದ. ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಮುಕ್ತ ವರ್ಗದ ಸಮತಲ ಸ್ಥಾನಗಳಿಗೂ ಎಲ್ಲ ಜಾತಿಯವರು ಅರ್ಹರು.

ಇದೇ ತಪ್ಪು ಎಂಬಿಬಿಎಸ್ ಪ್ರವೇಶದಲ್ಲೂ ಆಯಿತು. ಮಧ್ಯಪ್ರದೇಶದಲ್ಲಿ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಶೇ 5 ಸಮತಲ ಮೀಸಲಾತಿ ಇತ್ತು. ಮುಕ್ತ ವರ್ಗದ ಸರ್ಕಾರಿ ಶಾಲಾ ಸೀಟುಗಳು ಅಭ್ಯರ್ಥಿಗಳಿಲ್ಲದೆ ಉಳಿದವು. ಹೆಚ್ಚು ಅಂಕ ಪಡೆದ ಪರಿಶಿಷ್ಟ ಮತ್ತು ಹಿಂದುಳಿದ ವರ್ಗದ ಸರ್ಕಾರಿ ಶಾಲಾ ಮಕ್ಕಳಿಗೆ ಅವನ್ನು ಕೊಡದೆ, ಸಾಮಾನ್ಯ ಮುಕ್ತ ಸೀಟುಗಳಿಗೆ ಸೇರಿಸಲಾಯಿತು. 2024ರ ಆಗಸ್ಟ್‌ನಲ್ಲಿ ರಾಮ್ ನರೇಶ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಪ್ಪೆಂದು ಹೇಳಿ, ಅರ್ಜಿದಾರರಿಗೆ ಮುಂದಿನ ಸಾಲಿನಲ್ಲಿ ಪ್ರವೇಶ ಕೊಡಲು ಆದೇಶಿಸಿತು. ಆ ಮಕ್ಕಳ ಒಂದು ವರ್ಷ ಮಾತ್ರ ವಾಪಸ್ ಬರಲಿಲ್ಲ. ಲೆಕ್ಕದ ಕ್ರಮ ತಪ್ಪಿದರೆ ಬೆಲೆ ತೆರುವವರು ಯಾರು ಎಂಬುದು ಇಲ್ಲಿ ಸ್ಪಷ್ಟವಾಗಿದೆ.

ಶೇ 50 ಮಿತಿ ಹುಟ್ಟಿದ್ದು ಮೈಸೂರಿನಿಂದ

1962ರ ಜುಲೈ 31ರಂದು ಮೈಸೂರು ರಾಜ್ಯ ಸರ್ಕಾರ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಿಗೆ ಒಂದು ಆದೇಶ ಹೊರಡಿಸಿತು. ಹಿಂದುಳಿದವರಿಗೆ 28, ಅತಿ ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗೆ 15, ಪಂಗಡಕ್ಕೆ 3. ಒಟ್ಟು ಶೇ 68. ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದೇ ವರ್ಷ ಆ ಆದೇಶವನ್ನು ರದ್ದುಮಾಡಿತು. ಹಿಂದುಳಿದಿರುವಿಕೆಗೆ ಜಾತಿಯೊಂದೇ ಅಳತೆಯಾಗದು, ಮೀಸಲಾತಿ ಸಾಮಾನ್ಯವಾಗಿ ಶೇ 50ಕ್ಕಿಂತ ಕಡಿಮೆ ಇರಬೇಕು ಎಂದಿತು. 1992ರ ಇಂದ್ರಾ ಸಾಹ್ನಿ ತೀರ್ಪಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಶೇ 50ನ್ನು ನಿಯಮವಾಗಿ ಗಟ್ಟಿ ಮಾಡಿತು. ಜಾತಿಯಿಂದ ಗುರುತಿಸಲು ಶುರುಮಾಡುವುದನ್ನು ಒಪ್ಪಿತು. ಲಂಬ, ಸಮತಲ ಎಂಬ ವಿಂಗಡಣೆಯೂ ಅದೇ ತೀರ್ಪಿನಲ್ಲಿ ನೆಲೆಯಾಯಿತು. ಆ ಮಿತಿ ಲಂಬಕ್ಕೆ ಸಂಬಂಧಿಸಿದ್ದು. ಕರ್ನಾಟಕದ ಶೇ 56ರ ಮೇಲಿನ ಚರ್ಚೆಯೂ ಅದರದ್ದೇ. ಗ್ರಾಮೀಣ ಕೋಟಾವನ್ನು ಅದಕ್ಕೆ ಎಳೆಯಬೇಡಿ.

ಅಮೆರಿಕದ ಜೊತೆ ಹೋಲಿಸುವ ಪ್ರಶ್ನೆ ಬಂದರೆ

ಅಲ್ಪಸಂಖ್ಯಾತ ಜನಾಂಗಗಳಿಗೆ ಪ್ರವೇಶದಲ್ಲಿ ಆದ್ಯತೆ ಕೊಡುವ ಅಲ್ಲಿನ ಅಫರ್ಮೇಟಿವ್ ಆ್ಯಕ್ಷನ್‌ನಲ್ಲಿ ಸೀಟು ಎಣಿಸುವುದೇ ನಿಷಿದ್ಧವಾಗಿತ್ತು. ಕ್ಯಾಲಿಫೋರ್ನಿಯಾದ ಡೇವಿಸ್ ವೈದ್ಯಕೀಯ ಕಾಲೇಜು 100ರಲ್ಲಿ 16 ಸೀಟು ತೆಗೆದಿಟ್ಟದ್ದನ್ನು 1978ರ ಬಕಿ ತೀರ್ಪು ತಳ್ಳಿಹಾಕಿತು. ವೈವಿಧ್ಯಕ್ಕಾಗಿ ಜನಾಂಗವನ್ನು ಹಲವು ಅಂಶಗಳಲ್ಲಿ ಒಂದಾಗಿ ನೋಡಬಹುದು ಎಂದಷ್ಟೇ ಬಿಟ್ಟಿತು. 2003ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯ 150 ಅಂಕಗಳ ಮಾಪನದಲ್ಲಿ ಅಲ್ಪಸಂಖ್ಯಾತ ಜನಾಂಗದವರಿಗೆ 20 ಅಂಕ ಕೊಟ್ಟದ್ದೂ ಬಿದ್ದುಹೋಯಿತು, ಅದೇ ದಿನ ಅಲ್ಲಿನ ಕಾನೂನು ಕಾಲೇಜಿನ ಸಮಗ್ರ ಪರಿಶೀಲನೆಯ ಪದ್ಧತಿ ಉಳಿಯಿತು. 2023ರ ಜೂನ್ 29ರಂದು ಹಾರ್ವರ್ಡ್ ಮತ್ತು ನಾರ್ತ್ ಕ್ಯಾರೊಲಿನಾ ಪ್ರಕರಣಗಳಲ್ಲಿ ಅದೂ ಮುಗಿಯಿತು. ನಮ್ಮಲ್ಲಿ ಮೀಸಲಾತಿಯ ಸಮರ್ಥನೆ ತರಗತಿಗೆ ವೈವಿಧ್ಯದಿಂದ ಆಗುವ ಲಾಭವಲ್ಲ, ಸಾಮಾಜಿಕ ಮತ್ತು ಶೈಕ್ಷಣಿಕ ಹಿಂದುಳಿದಿರುವಿಕೆ. ಆದ್ದರಿಂದಲೇ ಇಲ್ಲಿ ಸೀಟನ್ನು ಎಣಿಸಿ ಕೊಡಬಹುದು. ಎರಡನ್ನೂ ಒಂದೇ ವಾಕ್ಯದಲ್ಲಿ ಸಮೀಕರಿಸಿದ ಉತ್ತರ ತಪ್ಪು.

ಒಳ್ಳೆಯ ಕಾಲೇಜಿನ ಸಮಸ್ಯೆ

ರ‍್ಯಾಂಕಿನ ಬಲದಿಂದ ಮುಕ್ತ ಪಟ್ಟಿಗೆ ಬಂದ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗೆ ಮುಕ್ತ ಸೀಟಿನಲ್ಲಿ ದೂರದ ಕಾಲೇಜು ಸಿಗಬಹುದು. ಅವರಿಗಿಂತ ಹಿಂದಿನ ರ‍್ಯಾಂಕಿನವರಿಗೆ ಕೋಟಾದಲ್ಲಿ ಬೇಕಾದ ಕಾಲೇಜು ಸಿಗಬಹುದು. ಹೆಚ್ಚು ಅಂಕ ತೆಗೆದದ್ದೇ ನಷ್ಟವಾಗಬಾರದು ಎಂಬ ಕಾರಣಕ್ಕೆ, ಅವರು ಮೀಸಲು ಸೀಟನ್ನು ಆಯ್ದುಕೊಳ್ಳಬಹುದು ಎಂದು ರಿತೇಶ್ ಸಾಹ್ ಪ್ರಕರಣ (1996) ಹೇಳಿತು. ಆಗಲೂ ಅವರು ಮುಕ್ತ ವರ್ಗದ ಲೆಕ್ಕದಲ್ಲೇ ಇರುತ್ತಾರೆ. ಹಾಗಾದರೆ ಕೋಟಾದಲ್ಲಿ ಒಂದು ಸೀಟು ಕಡಿಮೆಯಾಯಿತಲ್ಲ? ತ್ರಿಪುರಾರಿ ಶರಣ್ ತೀರ್ಪು (2018) ಅದಕ್ಕೂ ದಾರಿ ತೋರಿಸಿದೆ: 100 ಸೀಟಿನಲ್ಲಿ 50 ಮುಕ್ತವಾಗಿದ್ದರೆ, ಅವರು ಬಿಟ್ಟ ಆ ಒಂದು ಮುಕ್ತ ಸೀಟು, ಅವರ ಆಯ್ಕೆಯಿಂದ ಸೀಟು ಕಳೆದುಕೊಂಡ ಅದೇ ಮೀಸಲು ವರ್ಗದ ವಿದ್ಯಾರ್ಥಿಗೆ ಹೋಗುತ್ತದೆ. ಮುಕ್ತ ಪಟ್ಟಿಯ 51ನೆಯವರಿಗೆ ಅಲ್ಲ.