ಇಲಿಗಳ ನಿದ್ದೆಗೆ ಹಿನ್ನೆಲೆ ಸದ್ದು ನೆರವಾಗುತ್ತದೆಯೇ?

ಪ್ರಶ್ನೆ: ನಮ್ಮ ಪ್ರಯೋಗಾಲಯದಲ್ಲಿ ಇಲಿಗಳು ಮಲಗಿರುವಾಗ ಇಇಜಿ (ಮೆದುಳಿನ ವಿದ್ಯುತ್ ಚಟುವಟಿಕೆ) ದಾಖಲಿಸುತ್ತೇವೆ. ಕೊಠಡಿ ರಸ್ತೆಗೆ ಹತ್ತಿರವಿರುವುದರಿಂದ ಅವು ಆಗಾಗ ಬೆಚ್ಚಿ ಏಳುತ್ತವೆ. ಸಣ್ಣಗೆ ವೈಟ್ ನಾಯ್ಸ್ (ಎಲ್ಲ ಸ್ವರಮಟ್ಟಗಳೂ ಬೆರೆತು ‘ಶ್’ ಎನ್ನುವ ಏಕಪ್ರಕಾರದ ಸದ್ದು) ಹಾಕಬಹುದೇ? (ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಹಾಕಬಹುದು, ಆದರೆ ಅದು ಜೋಗುಳದ ಕೆಲಸ ಮಾಡೀತೆಂದು ನಿರೀಕ್ಷಿಸಬೇಡಿ. ನಿಶ್ಶಬ್ದ ಕೊಠಡಿಯಲ್ಲಿ ಚಿಲಕ ಬಿದ್ದರೂ ಇಲಿ ತಲೆ ಎತ್ತುತ್ತದೆ. ಏಕಪ್ರಕಾರದ ಸದ್ದು ಮೊದಲೇ ಹರಡಿಕೊಂಡಿದ್ದರೆ ಅಂಥ ಹಠಾತ್ ಸದ್ದುಗಳು ಅದರಲ್ಲಿ ಮುಚ್ಚಿಹೋಗುತ್ತವೆ. ವೈಟ್ ನಾಯ್ಸ್‌ನಿಂದ ಆಗುವ ಉಪಕಾರ ಇಷ್ಟೇ.

ತೊಡಕಿರುವುದು ಇಲಿಯ ಕಿವಿಯಲ್ಲಿ. ನಮ್ಮ ಶ್ರವಣಶಕ್ತಿ 20 ಕಿಲೋಹರ್ಟ್ಸ್‌ಗೆ ಮುಗಿದರೆ, ಇಲಿಯದು ಸುಮಾರು 80 ಕಿಲೋಹರ್ಟ್ಸ್‌ವರೆಗೂ ಹೋಗುತ್ತದೆ; ತಗ್ಗು ಆವೃತ್ತಿಯ, ಅಂದರೆ ದಪ್ಪ ಸ್ವರದ ಸದ್ದುಗಳು ಮಾತ್ರ ಅದಕ್ಕೆ ನಮ್ಮಷ್ಟು ಚೆನ್ನಾಗಿ ಕೇಳಿಸುವುದಿಲ್ಲ. ಆದ್ದರಿಂದ ಹೊರಗೆ ಹಾದುಹೋಗುವ ಚಿಗರಿ ಬಸ್ಸಿನ ಎಂಜಿನ್ ಗುಡುಗನ್ನು ನೀವು ಎಷ್ಟು ಬೈದುಕೊಂಡರೂ, ಇಲಿಯನ್ನು ಎಬ್ಬಿಸುವುದು ನಿಮ್ಮ ಕೈಯಲ್ಲಿನ ಬೀಗದಕೈ ಗೊಂಚಲಿನ ಝಣಝಣವೇ ಇರಬಹುದು, ಏಕೆಂದರೆ ಅದರಲ್ಲಿ ನಮಗೆ ಕೇಳದ ಶ್ರವಣಾತೀತ ಧ್ವನಿಯೂ ಬೆರೆತಿರುತ್ತದೆ. ಕೆಲವು ಕಂಪ್ಯೂಟರ್ ಮಾನಿಟರ್‌ಗಳು ಮತ್ತು ವಿದ್ಯುತ್ ಅಡಾಪ್ಟರ್‌ಗಳು ಕೂಡ ಇಂಥ ಧ್ವನಿ ಹೊರಡಿಸುತ್ತವೆ. ಸಾಮಾನ್ಯ ಸ್ಪೀಕರ್ 20 ಕಿಲೋಹರ್ಟ್ಸ್‌ನ ಆಚೆಗೆ ಹೆಚ್ಚೇನೂ ನುಡಿಸದ ಕಾರಣ, ಈ ಭಾಗವನ್ನು ಅದು ಮುಚ್ಚಲಾರದು. ಹೆಚ್ಚು ಆವೃತ್ತಿಯ ಸದ್ದನ್ನು ದಪ್ಪ ಫೋಮ್ ಸುಲಭವಾಗಿ ಹೀರುತ್ತದೆ. ಹಾಗಾಗಿ ದಾಖಲಾತಿ ಪೆಟ್ಟಿಗೆಗೆ ಒಳಗಿನಿಂದ ಫೋಮ್ ಅಂಟಿಸುವುದು ಸ್ಪೀಕರ್ ಕೊಳ್ಳುವುದಕ್ಕಿಂತ ಮೊದಲು ಆಗಬೇಕಾದ ಕೆಲಸವೆಂದು ನನ್ನ ಅಭಿಪ್ರಾಯ.

ಸದ್ದಿನ ಮಟ್ಟವನ್ನು ಇಲಿ ಮಲಗುವ ಜಾಗದಲ್ಲಿಯೇ ಅಳೆದು, ಹೊರಗಿನ ಸದ್ದು ಮುಚ್ಚುವಷ್ಟಕ್ಕೆ ನಿಲ್ಲಿಸಬೇಕು. ಜೋರಾದ ಸದ್ದು ದಿನಗಟ್ಟಲೆ ಮುಂದುವರಿದರೆ ಇಲಿಯ ನಿದ್ದೆ ತುಂಡುತುಂಡಾಗುತ್ತದೆ, ಅಂದರೆ ಔಷಧಿಯೇ ರೋಗವಾಗುತ್ತದೆ. ದಾಖಲಾತಿಗೆ ಕೆಲವು ದಿನ ಮೊದಲೇ ಅದೇ ಸದ್ದಿಗೆ ರೂಢಿ ಮಾಡಿಸಿ. ಪ್ರತಿ ಬಾರಿಯೂ ಇಲಿಯನ್ನು ಒಳಗಿಡುವ ಮುಂಚೆಯೇ ಶುರು ಮಾಡಿ, ನಡುವೆ ನಿಲ್ಲಿಸಬೇಡಿ, ಏಕೆಂದರೆ ಸದ್ದು ಥಟ್ಟನೆ ನಿಂತರೂ ಅದು ಎಚ್ಚರಗೊಳ್ಳಬಹುದು. ಮಳೆಗಾಲದಲ್ಲಿ ಕರೆಂಟು ಹೋದಾಗ ಪ್ಲೇಯರ್ ಮೌನವಾಗಿ ಯುಪಿಎಸ್ ಕಿರುಚಿಕೊಳ್ಳುವುದು ನಮ್ಮ ಕಡೆ ಹೊಸದೇನಲ್ಲ. ಬ್ಯಾಟರಿಯ ಪ್ಲೇಯರ್ ಇದ್ದರೆ ಮೊದಲನೆಯ ಕಾಟವಾದರೂ ತಪ್ಪುತ್ತದೆ. ಮರುಮರು ಸುತ್ತುವ ಕಡತವಾದರೆ ಅದರ ಕೊನೆ ಮತ್ತು ಮೊದಲು ಕೂಡುವಲ್ಲಿ ‘ಟಕ್’ ಎನ್ನದಂತೆ ನೋಡಿಕೊಳ್ಳಿ. ಆ ಟಕ್‌ಗೆ ಮೆದುಳು ಕೊಡುವ ಪ್ರತಿಕ್ರಿಯೆ ಇಇಜಿಯಲ್ಲಿಯೂ ಮೂಡಬಹುದು. ಸ್ಪೀಕರ್‌ನಿಂದ ಇಇಜಿಗೆ 50 ಹರ್ಟ್ಸ್ ಗದ್ದಲ (ಕರೆಂಟಿನದೇ ಆವೃತ್ತಿಯದು) ಸೇರದಂತೆ ತಂತಿಗಳನ್ನು ದೂರವಿಡಿ.

ಇಲಿ ನಿಶಾಚರಿ, ಬೆಳಕಿರುವಾಗಲೇ ಹೆಚ್ಚು ಮಲಗುತ್ತದೆ. ಬೆಳಕಿನ ಅವಧಿಯಲ್ಲಿ ದಾಖಲಿಸಿ, ಅದರ ಸ್ವಂತ ಗೂಡಿನ ಹಾಸನ್ನು ಸ್ವಲ್ಪ ಒಳಗಿಟ್ಟರೆ ಅರ್ಧ ಕೆಲಸ ಆದಂತೆ. ಅದು ಸಹಜವಾಗಿಯೇ ಬಿಟ್ಟುಬಿಟ್ಟು ಮಲಗುವ ಪ್ರಾಣಿಯಾದ್ದರಿಂದ ಪ್ರತಿ ಎಚ್ಚರವನ್ನೂ ರಸ್ತೆಯ ತಲೆಗೆ ಕಟ್ಟಬೇಕಿಲ್ಲ.

ನಿಯಂತ್ರಣ ಗುಂಪಿಗೂ (ಹೋಲಿಕೆಗೆಂದು ಇಟ್ಟ ಇಲಿಗಳಿಗೂ) ಇದೇ ಸದ್ದನ್ನು ಇದೇ ಮಟ್ಟದಲ್ಲಿ ಕೊಟ್ಟು, ಅದನ್ನು ಪ್ರಬಂಧದ ವಿಧಾನ ಭಾಗದಲ್ಲಿ ದಾಖಲಿಸಿ. ನಿಮ್ಮ ಅಧ್ಯಯನ ಶ್ರವಣ ಕಾರ್ಟೆಕ್ಸ್ (ಸದ್ದನ್ನು ಗ್ರಹಿಸುವ ಮೆದುಳಿನ ಭಾಗ) ಕುರಿತದ್ದಾದರೆ ಮಾತ್ರ ವೈಟ್ ನಾಯ್ಸ್ ಬಿಟ್ಟು, ಪೆಟ್ಟಿಗೆಯ ಫೋಮನ್ನೇ ನೆಚ್ಚಿಕೊಳ್ಳಿ.